ಮೋಡದೊಳಗೆ ನಾಲ್ಕು ನಿಮಿಷದ ಸುತ್ತು

ಆಷಾಢದ ಬೆಳಗಿನಲ್ಲಿ ಮೋಡ ಧಾರವಾಡದ ಗುಡ್ಡಗಳ ಮೇಲೆ ಕುಳಿತುಬಿಟ್ಟರೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದ ವಿಮಾನ ಮೇಲೆಯೇ ಸುತ್ತುತ್ತ ಕಾಯಬೇಕಾಗಬಹುದು. ಕೆಳಗಿದ್ದವರಿಗೆ ಕೇಳುವುದು ಸದ್ದು ಮಾತ್ರ. ಒಳಗಿದ್ದವರಿಗೆ ಕಾಣುವುದು ಬರೀ ಬಿಳುಪು. ದಾರಿ ತಪ್ಪಿದಂತೆ ತೋರುವ ಈ ಸುತ್ತಾಟಕ್ಕೆ ಹೋಲ್ಡಿಂಗ್ ಎಂದು ಹೆಸರು.

ಆಕಾರ ಸರಳವಾಗಿದೆ. ಓಟದ ಮೈದಾನದ ಪಥದಂತೆ ಎರಡು ನೇರ ಗೆರೆ, ಎರಡು ಅರೆವೃತ್ತ. ವಿಮಾನ ಫಿಕ್ಸ್ ಎಂಬ ನಿಗದಿತ ಬಿಂದುವನ್ನು ದಾಟಿ, ಸಾಮಾನ್ಯವಾಗಿ ಬಲಕ್ಕೆ, ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಅರೆಸುತ್ತಿಗೆ ಒಂದು ನಿಮಿಷ ಹಿಡಿಯುತ್ತದೆ. 14,000 ಅಡಿ ಎತ್ತರದವರೆಗೆ ಫಿಕ್ಸ್‌ನತ್ತ ಬರುವ ನೇರ ಹಾದಿಯೂ ಒಂದು ನಿಮಿಷದ್ದೇ. ಗಾಳಿಯೇ ಇಲ್ಲದಿದ್ದರೆ ಸುತ್ತು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ.

ಆದರೆ ಗಾಳಿ ಇದ್ದೇ ಇರುತ್ತದೆ. 90 ನಾಟ್ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ವೇಗದ ತರಬೇತಿ ವಿಮಾನವೊಂದು ಪಶ್ಚಿಮಕ್ಕೆ ಮುಖಮಾಡಿ ಫಿಕ್ಸ್‌ನತ್ತ ಬರುತ್ತಿದೆ, ಎದುರಿನಿಂದ 10 ನಾಟ್ ಮುಂಗಾರು ಗಾಳಿ ಬೀಸುತ್ತಿದೆ ಎಂದುಕೊಳ್ಳೋಣ. ಎರಡು ತಿರುವುಗಳ ಎರಡು ನಿಮಿಷವೂ ಗಾಳಿ ವಿಮಾನವನ್ನು ಪೂರ್ವಕ್ಕೆ ದೂಡುತ್ತದೆ, ಪೂರ್ವಕ್ಕೆ ಸಾಗುವಾಗ ನೆಲದ ಮೇಲಿನ ವೇಗ 100 ನಾಟ್‌ಗೆ ಏರುತ್ತದೆ, ಮರಳುವಾಗ 80ಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿದರೆ, ಮರಳುವ ಹಾದಿ ಸರಿಯಾಗಿ ಒಂದು ನಿಮಿಷವಾಗಬೇಕೆಂದರೆ ದೂರ ಸಾಗುವ ಹಾದಿಯಲ್ಲಿ 36 ಸೆಕೆಂಡಿಗೇ ತಿರುವು ಆರಂಭಿಸಬೇಕು. ಕಲಿಯುವವರು ಈ ಲೆಕ್ಕವನ್ನೆಲ್ಲ ಮೇಲೆ ಕುಳಿತು ಮಾಡುವುದಿಲ್ಲ. ಮೊದಲ ಸುತ್ತನ್ನು ಅಂದಾಜಿನಲ್ಲಿ ಹಾರಿ, ಗಡಿಯಾರ ನೋಡಿ, ಮುಂದಿನ ಸುತ್ತಿನಲ್ಲಿ ತಿದ್ದಿಕೊಳ್ಳುತ್ತಾರೆ. ಅಡ್ಡಗಾಳಿಗೆ ಇನ್ನೊಂದು ಉಪಾಯವಿದೆ. ತಿರುವಿನಲ್ಲಿರುವಾಗ ಗಾಳಿಗೆ ತಕ್ಕಂತೆ ಮೂತಿ ತಿರುಗಿಸಿಟ್ಟುಕೊಳ್ಳಲು ಬರುವುದಿಲ್ಲವಾದ್ದರಿಂದ, ಆ ಎರಡು ನಿಮಿಷಗಳ ಸಾಲವನ್ನೂ ತನ್ನ ಪಾಲನ್ನೂ ಸೇರಿಸಿ ದೂರ ಸಾಗುವ ಹಾದಿಯೊಂದೇ ತೀರಿಸಬೇಕು. ಹೀಗಾಗಿ ಅಲ್ಲಿ ಮರಳುವ ಹಾದಿಯದರ ಮೂರು ಪಟ್ಟು ತಿದ್ದುಪಡಿ.

ವಿಮಾನ ಚಾಲನೆ ಕಲಿಯುತ್ತಿರುವ ನನ್ನ ಅಣ್ಣನ ಮಗಳು ಈ ಸುತ್ತಿಗೆ ಪ್ರವೇಶಿಸುವ ಬಗೆಯನ್ನು ನನಗೆ ತೋರಿಸಿದ್ದು ಜೋಳದ ರೊಟ್ಟಿಯ ಮೇಲೆ. ರೊಟ್ಟಿಯ ನಡುಬಿಂದುವೇ ಫಿಕ್ಸ್. ಚಾಕುವಿನಿಂದ ಅದನ್ನು ಅರ್ಧಮಾಡಿದಳು, ಒಂದು ಅರ್ಧವನ್ನು 110 ಮತ್ತು 70 ಡಿಗ್ರಿಯ ತುಂಡುಗಳಾಗಿ ಕೊಯ್ದಳು. ಕೊಯ್ಯದೆ ಉಳಿದ ಅರ್ಧದ ಕಡೆಯಿಂದ ಬಂದವರು ನೇರವಾಗಿ ಸುತ್ತಿಗೆ ಸೇರುತ್ತಾರೆ. 110ರ ತುಂಡಿನಿಂದ ಬಂದವರು ಹಾದಿಗೆ ಸಮಾಂತರವಾಗಿ ಸಾಗಿ ಹಿಂದಿರುಗುತ್ತಾರೆ. 70ರಿಂದ ಬಂದವರು ನೀರಹನಿಯ ಆಕಾರದಲ್ಲಿ ಬಳಸಿ ಬರುತ್ತಾರೆ. ಎಣ್ಣೆಗಾಯಿ ಬರುವ ಮುನ್ನವೇ ರೊಟ್ಟಿ ಚೂರಾಗಿತ್ತೆಂಬುದು ಬೇರೆ ಮಾತು.

ಇಷ್ಟೆಲ್ಲ ನಡೆಯುವಾಗ ದೇಹ ಸುಳ್ಳು ಹೇಳುತ್ತಿರುತ್ತದೆ. ಒಳಕಿವಿಯ ಅರ್ಧಚಂದ್ರ ನಾಳಗಳಲ್ಲಿರುವ ದ್ರವ, ಒಂದೇ ಸಮನೆಯ ತಿರುವಿನಲ್ಲಿ ಸುಮಾರು 20 ಸೆಕೆಂಡಿನೊಳಗೆ ನಾಳದ ವೇಗಕ್ಕೆ ಹೊಂದಿಕೊಳ್ಳುತ್ತದೆ, ಆಮೇಲೆ ತಿರುಗುತ್ತಿರುವ ಅನುಭವವೇ ಅಳಿಸಿಹೋಗುತ್ತದೆ. ತಿರುವು ನಿಲ್ಲಿಸಿದೊಡನೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಆಗ ನಂಬಬೇಕಾದದ್ದು ಕಿವಿಯನ್ನಲ್ಲ, ಮುಂದಿರುವ ಕೃತಕ ದಿಗಂತವೆಂಬ ಉಪಕರಣದ ಗೆರೆಯನ್ನು.

ಕಾಯುವ ಸರದಿ ಮುಗಿದ ಮೇಲೆ ಇಳಿಯುವ ಪಾಠ. ರನ್‌ವೇ ಬಳಿಯಿಂದ ರೇಡಿಯೊ ಕಿರಣ ಕಳಿಸುವ ಐಎಲ್‌ಎಸ್ ವ್ಯವಸ್ಥೆ ಎಡಬಲದ ಜೊತೆಗೆ ಇಳಿಜಾರಿನ ಹಾದಿಯನ್ನೂ ತೋರಿಸುತ್ತದೆ. ವಿಒಆರ್ ಅಥವಾ ಎನ್‌ಡಿಬಿ ಎಂಬ ನೆಲದ ಕೇಂದ್ರಗಳ ರೇಡಿಯೊ ಸಂಕೇತ ಆಧರಿಸಿದ, ನಾನ್-ಪ್ರಿಸಿಷನ್ ಅಪ್ರೋಚ್ ಎಂಬ ಇಳಿಯುವ ಕ್ರಮದಲ್ಲಿ ಎಡಬಲ ಮಾತ್ರ ಗೊತ್ತಾಗುತ್ತದೆ. ಎತ್ತರವನ್ನು ಚಾಲಕರೇ ನಿಭಾಯಿಸಬೇಕು. ಲಕ್ಕುಂಡಿಯ ಮೆಟ್ಟಿಲುಬಾವಿಯಾದ ಮುಸುಕಿನ ಬಾವಿಗೆ ಇಳಿದವರಿಗೆ ಇದು ಬೇಗ ಅರ್ಥವಾದೀತು: ಇಂಥ ಬಿಂದು ದಾಟುವವರೆಗೆ ಇಂಥ ಎತ್ತರಕ್ಕಿಂತ ಕೆಳಗಿಳಿಯಬಾರದು, ದಾಟಿದ ಮೇಲೆ ಮುಂದಿನ ಮೆಟ್ಟಿಲು. ಕೊನೆಯ ಮೆಟ್ಟಿಲಿನ ಹೆಸರು ಎಂಡಿಎ, ಅಂದರೆ ಇಳಿಯಬಹುದಾದ ಕನಿಷ್ಠ ಎತ್ತರ. ರನ್‌ವೇ ಕಣ್ಣಿಗೆ ಬೀಳದೆ ಅದರಿಂದ ಕೆಳಗಿಳಿಯುವಂತಿಲ್ಲ. ಎಂಡಿಎಯನ್ನು ಅಳೆಯುವುದು ಸಮುದ್ರಮಟ್ಟದಿಂದ. ಹುಬ್ಬಳ್ಳಿಯ ನೆಲವೇ ಸುಮಾರು 2,170 ಅಡಿ ಎತ್ತರದಲ್ಲಿರುವುದರಿಂದ, ಮಾಪಕದ ಅಂಕಿ ದೊಡ್ಡದಾಗಿ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ.

ಮೊದಲೆಲ್ಲ ಪ್ರತಿ ಮೆಟ್ಟಿಲಿಗೂ ಧುಮುಕಿ, ಸಮತಟ್ಟಾಗಿ ಹಾರಿ, ಮತ್ತೆ ಧುಮುಕುತ್ತಿದ್ದರು. ನೆಲದ ಹತ್ತಿರ ಎಂಜಿನ್‌ನ ಬಲವನ್ನು ಹೀಗೆ ಮೇಲಿಂದ ಮೇಲೆ ಬದಲಿಸುವುದು ಅಪಾಯಕ್ಕೆ ಆಹ್ವಾನ. ಈಗ 3 ಡಿಗ್ರಿಯ ಒಂದೇ ಇಳಿಜಾರಿನಲ್ಲಿ, ಪ್ರತಿ ನಾಟಿಕಲ್ ಮೈಲಿಗೆ 318 ಅಡಿಯಂತೆ, ಬರಲು ಕಲಿಸುತ್ತಾರೆ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಇಳಿಯಬೇಕಾದ ಅಡಿಗಳ ಅಂದಾಜು ಸಿಗುತ್ತದೆ: 80 ನಾಟ್‌ಗೆ 400. ಈ ಪದ್ಧತಿಯಲ್ಲಿ ಎಂಡಿಎ ಹತ್ತಿರವಾದರೂ ರನ್‌ವೇ ಕಾಣದಿದ್ದರೆ, ವಿಮಾನ ಇನ್ನಷ್ಟು ಕುಸಿಯುವ ಮೊದಲೇ ಮೇಲೇರಬೇಕು. ತಿರುಗಲು ಮಾತ್ರ ನಿಗದಿತ ಬಿಂದುವಿನವರೆಗೆ ಕಾಯಬೇಕು. ಮೇಲೇರಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ನಕ್ಷೆಯಲ್ಲೇ ಅಚ್ಚಾಗಿರುತ್ತದೆ. ಅನೇಕ ಸಲ ಆ ಗೆರೆ ಮುಗಿಯುವುದು ಒಂದು ಫಿಕ್ಸ್‌ನ ಮೇಲೆ, ಅಲ್ಲಿ ಮತ್ತೆ ಅದೇ ಓಟದ ಪಥ ಬರೆದಿರುತ್ತದೆ.