ಮುಂಜಾನೆಯ ಮೂತ್ರ, ಮಧ್ಯಾಹ್ನದ ಲೆಕ್ಕ

ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಎಣಿಸುವ ಪರೀಕ್ಷೆ, ಮಾಡಿಸಲು ವಿಜಯಪುರದ ನಮ್ಮ ಪ್ರಯೋಗಾಲಯಕ್ಕೆ ಬರುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ರೊಕ್ಕ, ರಿಪೋರ್ಟ್ ಯಾವಾಗ. ನಾವು ಅವರನ್ನು ಕೇಳುವುದು ಒಂದೇ: ಈ ಮೂತ್ರವನ್ನು ಹಿಡಿದದ್ದು ಎಷ್ಟು ಗಂಟೆಗೆ? ಇದಕ್ಕೆ ನೇರ ಉತ್ತರ ಸಿಗುವುದು ಅಪರೂಪ. ರೋಗಿಗಳನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಊರೂರಿನ ಸಂಗ್ರಹ ಕೇಂದ್ರಗಳಿಂದ ಬರುವ ಫಾರ್ಮಿನಲ್ಲಿಯೂ ಹೆಸರು, ವಯಸ್ಸು, ಮೊಬೈಲ್ ನಂಬರು ಎಲ್ಲವೂ ಅಚ್ಚುಕಟ್ಟಾಗಿದ್ದು, ಸ್ಯಾಂಪಲ್ ಹಿಡಿದ ವೇಳೆಯ ಕಾಲಂ ಮಾತ್ರ ಖಾಲಿ ಇರುತ್ತದೆ. ಫೋನ್ ಮಾಡಿ ಕೇಳಿದರೆ, ಬೈಕಿನ ಹುಡುಗ ಅಲ್ಲಿಂದ ಹೊರಟ ಸಮಯವನ್ನು ಹೇಳುತ್ತಾರೆ.

ಈ ಒಂದು ಕಾಲಂಗಾಗಿ ನಾನು ಇಷ್ಟು ಜಗಳ ತೆಗೆಯುವುದಕ್ಕೆ ಕಾರಣವಿದೆ. ಕಲ್ಚರ್ ರಿಪೋರ್ಟಿನಲ್ಲಿ ಬರೆದಿರುವ ಸಂಖ್ಯೆ ನಿಮ್ಮ ಮೂತ್ರಕೋಶದಲ್ಲಿದ್ದ ಬ್ಯಾಕ್ಟೀರಿಯಾಗಳ ಸಂಖ್ಯೆಯಲ್ಲ. ನಾವು ಆ ಡಬ್ಬಿಯನ್ನು ತೆರೆದು ತಂತಿಯ ಲೂಪನ್ನು ಅದ್ದಿದ ಗಳಿಗೆಯಲ್ಲಿ ಡಬ್ಬಿಯೊಳಗೆ ಇದ್ದವುಗಳ ಸಂಖ್ಯೆ. ಇವೆರಡೂ ಒಂದೇ ಆಗಿರಬೇಕಾದರೆ ನಡುವೆ ಕಳೆದ ಹೊತ್ತು ಬಹಳ ಕಡಿಮೆ ಇರಬೇಕು, ಇಲ್ಲವೇ ಆ ಹೊತ್ತೆಲ್ಲ ಡಬ್ಬಿ ತಣ್ಣಗಿರಬೇಕು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಸಾಕು, ಒಳಗಿನದು ಇದ್ದ ಹಾಗೆಯೇ ಇರುತ್ತದೆ ಎಂಬುದು ಓದಿದವರಲ್ಲಿಯೂ ಗಟ್ಟಿಯಾಗಿ ಕುಳಿತಿರುವ ನಂಬಿಕೆ.

ಕಳೆದ ಬೇಸಿಗೆಯಲ್ಲಿ ಇಂಡಿ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಬಂದಿದ್ದರು. ಸೆರಗಿನ ಮರೆಯಿಂದ ಬಟ್ಟೆಯ ಗಂಟನ್ನು ತೆಗೆದು, ಗಂಟಿನೊಳಗಿನಿಂದ ಕಂದು ಬಣ್ಣದ ಟಾನಿಕ್ ಬಾಟಲಿಯೊಂದನ್ನು ತೆಗೆದು, ಮೇಜಿನ ಮೇಲೆ ಬಹಳ ಜೋಪಾನವಾಗಿ ಇಟ್ಟರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. "ಮುಂಜಾನಿ ಎದ್ದ ಕೂಡ್ಲೇ ಮೊದಲನೇದ್ದು ಹಿಡೀರಿ ಅಂತ ಡಾಕ್ಟರ್ ಹೇಳಿದ್ರಲ್ರಿ, ಐದಕ್ಕ ಎದ್ದು ಹಿಡದೀನ್ರಿ. ಬಾಟ್ಲಿನೂ ಬಿಸಿನೀರಾಗ ಮೂರ್ ಸಲ ತೊಳದೀನಿ" ಎಂದರು. ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ಬೈಯುವುದು ಹೇಗೆ? ಬೆಳಗಿನ ಮೊದಲ ಮೂತ್ರ ಒಳ್ಳೆಯದು ಎನ್ನುವುದು ನಿಜ. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತ ಮೂತ್ರದಲ್ಲಿ ಸೋಂಕಿನ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆದಿರುತ್ತವೆ. ಆದರೆ ಅವರ ಬಾಟಲಿಯ ತಿರುಪಿನ ಸಂದಿಯಲ್ಲಿ ಒಣಗಿದ ಸಕ್ಕರೆ ಪಾಕ ಇನ್ನೂ ಅಂಟಿಕೊಂಡಿತ್ತು, ಅದು ಆರು ತಾಸು ಮೈಯ ಬಿಸುಪಿನಲ್ಲಿ, ಬಸ್ಸಿನ ಝಳದಲ್ಲಿ ಪ್ರಯಾಣ ಮಾಡಿತ್ತು. ಆ ಸ್ಯಾಂಪಲ್ಲನ್ನು ನಾವು ತೆಗೆದುಕೊಳ್ಳಲಿಲ್ಲ. ನಮ್ಮದೇ ಡಬ್ಬಿ ಕೊಟ್ಟು, ನೀರು ಕುಡಿಸಿ, ಕೂರಿಸಿಕೊಂಡು ಹೊಸದಾಗಿ ಹಿಡಿಸಿದೆವು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ತಪ್ಪು ತಿಳಿವಳಿಕೆ ಇರುವುದು ಲೆಕ್ಕದಲ್ಲಿಯೇ. ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಹೆಚ್ಚುತ್ತದೆ. ಮೂತ್ರದ ಸೋಂಕಿಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವ ಎಶ್ಚರೀಷಿಯಾ ಕೋಲೈ, ಅಂದರೆ ನಾವು ಇ. ಕೋಲೈ ಎನ್ನುವುದು, ಪುಷ್ಟಿಯಾದ ಪೋಷಕ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮೂತ್ರ ಅಷ್ಟು ಪುಷ್ಟಿಯಾದ ಆಹಾರವಲ್ಲ, ಆದ್ದರಿಂದ ಅರ್ಧ ಗಂಟೆ ಎಂದು ಇಟ್ಟುಕೊಳ್ಳೋಣ. ಸೋಂಕೇ ಇಲ್ಲದ ಒಬ್ಬರ ಮೂತ್ರ ಹೊರಬರುವಾಗ ಚರ್ಮದ ಮೇಲಿದ್ದ ಇ. ಕೋಲೈ ಒಂದು ಮಿಲಿಲೀಟರಿಗೆ 1,000ದಷ್ಟು ಸೇರಿಕೊಂಡಿತು ಎನ್ನೋಣ. ಅದು ಬೆಳೆಯಲು ತೊಡಗಿದ ಅರ್ಧ ಗಂಟೆಗೆ 2,000, ಒಂದು ಗಂಟೆಗೆ 4,000, ಎರಡು ಗಂಟೆಗೆ 16,000. ಇಲ್ಲಿಯವರೆಗೆ ಯಾರಿಗೂ ಗಾಬರಿಯಿಲ್ಲ. ಮೂರು ಗಂಟೆಗೆ 64,000. ಮೂರೂವರೆ ಗಂಟೆಗೆ 1,28,000.

ಮೊದಲ ಎರಡು ಗಂಟೆಯಲ್ಲಿ ಸೇರಿದ್ದು 15,000 ಮಾತ್ರ, ಆಮೇಲಿನ ಒಂದೂವರೆ ಗಂಟೆಯಲ್ಲಿ ಸೇರಿದ್ದು 1,12,000. "ಒಂದ್ ತಾಸು ಹೆಚ್ಚು ಕಡಿಮಿ ಆದ್ರ ಏನಾಗ್ತದ್ರಿ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅದು ಎಷ್ಟನೆಯ ತಾಸು ಎಂಬುದರ ಮೇಲೆ ಹೋಗುತ್ತದೆ. ಮೊದಲನೆಯ ತಾಸಿನ ತಡಕ್ಕೂ ನಾಲ್ಕನೆಯ ತಾಸಿನ ತಡಕ್ಕೂ ಬೆಲೆ ಒಂದೇ ಅಲ್ಲ. ನಾವು ಹೊತ್ತನ್ನು ಹಾದಿಯ ಮೈಲಿಯಂತೆ ಕೂಡಿಸಿ ಲೆಕ್ಕ ಹಾಕುತ್ತೇವೆ, ಬ್ಯಾಕ್ಟೀರಿಯಾ ಗುಣಿಸುತ್ತ ಹೋಗುತ್ತದೆ.

ಆ 1,28,000ಕ್ಕೆ ಇಷ್ಟು ಮಹತ್ವ ಬಂದದ್ದು ಅಮೆರಿಕದ ವೈದ್ಯ ಎಡ್ವರ್ಡ್ ಕಾಸ್ ಅವರಿಂದ. 1950ರ ದಶಕದಲ್ಲಿ ಅವರು ಮಾಡಿದ ಕೆಲಸದ ಮೇಲೆ, ಮಿಲಿಲೀಟರಿಗೆ ಒಂದು ಲಕ್ಷ ಮುಟ್ಟಿದರೆ ಸೋಂಕು ಎಂಬ ಗಡಿ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ನೆಲೆಯಾಯಿತು. ನಾವು ಬಳಸುವ ಅಳತೆಯ ಲೂಪು ಒಂದು ಮೈಕ್ರೋಲೀಟರ್ ಮೂತ್ರವನ್ನು ಎತ್ತುತ್ತದೆ. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಎಳೆದು ಮರುದಿನ ಎಣಿಸಿದಾಗ 100 ಕಾಲನಿ (ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆ) ಕಂಡರೆ ಮಿಲಿಲೀಟರಿಗೆ ಒಂದು ಲಕ್ಷ ಎಂದರ್ಥ. ಆದರೂ ಇದು ಕಲ್ಲಿನ ಮೇಲೆ ಕೊರೆದ ಗೆರೆಯಲ್ಲ. ಉರಿಮೂತ್ರದ ಲಕ್ಷಣಗಳು ಸ್ಪಷ್ಟವಾಗಿರುವ ಹೆಣ್ಣುಮಕ್ಕಳಲ್ಲಿ ಇದಕ್ಕಿಂತ ಬಹಳ ಕಡಿಮೆ ಸಂಖ್ಯೆಗೂ ಅರ್ಥವಿರಬಹುದು, ಗರ್ಭಿಣಿಯರಲ್ಲಿ ಯಾವ ತೊಂದರೆ ಇಲ್ಲದಿದ್ದರೂ ಹೆಚ್ಚಿನ ಸಂಖ್ಯೆಯನ್ನು ಕಡೆಗಣಿಸುವಂತಿಲ್ಲ. ರಿಪೋರ್ಟನ್ನು ಹಿಡಿದುಕೊಂಡು ನೇರವಾಗಿ ಔಷಧಿ ಅಂಗಡಿಗೆ ಹೋಗಬೇಡಿ ಎನ್ನುವುದು ಇದಕ್ಕಾಗಿಯೇ.

ನನ್ನ ಲೆಕ್ಕವನ್ನೂ ತುಸು ಎಚ್ಚರದಿಂದಲೇ ಓದಬೇಕು. ಎಲ್ಲರ ಮೂತ್ರವೂ ಒಂದೇ ತರಹ ಇರುವುದಿಲ್ಲ. ಅದರಲ್ಲಿ ಯೂರಿಯಾ, ಕ್ರಿಯಾಟಿನಿನ್, ಅಲ್ಪಸ್ವಲ್ಪ ಅಮೈನೋ ಆಮ್ಲ, ಲವಣಗಳು ಇರುತ್ತವೆ. ಇ. ಕೋಲೈ ಬಡತನದಲ್ಲಿ ಬದುಕಲು ಕಲಿತ ಜೀವಿ. ಇಂಗಾಲದ ಒಂದು ಸರಳ ಮೂಲ, ಅಮೋನಿಯಾ, ಒಂದಿಷ್ಟು ಫಾಸ್ಫೇಟ್, ಗಂಧಕ, ಮೆಗ್ನೀಷಿಯಂ ಸಿಕ್ಕರೆ ತನಗೆ ಬೇಕಾದ ಉಳಿದದ್ದನ್ನೆಲ್ಲ ತಾನೇ ಕಟ್ಟಿಕೊಳ್ಳುತ್ತದೆ. ಮೂತ್ರದಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಅದಕ್ಕೂ ಅದರ ಬಳಿ ಉಪಾಯವಿದೆ: ಸಿಡೆರೋಫೋರ್ ಎಂಬ ಅಣುಗಳನ್ನು ಹೊರಗೆ ಬಿಟ್ಟು, ಸಿಕ್ಕ ಕಬ್ಬಿಣವನ್ನು ಅವುಗಳ ಮೂಲಕ ಒಳಗೆ ಸೆಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಗ್ಲೂಕೋಸ್ ಇದ್ದರೆ ಊಟ ಇನ್ನಷ್ಟು ಸಲೀಸು. ಪ್ರೋಟಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಯೂರಿಯಾವನ್ನೇ ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಕೆಲವು ಬಗೆಯ ಕಲ್ಲುಗಳು ಕಟ್ಟುವುದು ಹೀಗೆಯೇ. ಇದಕ್ಕೆ ವಿರುದ್ಧವಾಗಿ, ಯೂರಿಯಾ ತುಂಬ ಹೆಚ್ಚಾಗಿರುವ ಆಮ್ಲೀಯ ಮೂತ್ರದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ.

ಚರ್ಮದಿಂದ ಬಂದು ಸೇರಿದ ಬ್ಯಾಕ್ಟೀರಿಯಾ ಮೂತ್ರಕ್ಕೆ ಬಿದ್ದ ಕ್ಷಣದಿಂದಲೇ ಒಡೆಯತೊಡಗುವುದಿಲ್ಲ. ಪಠ್ಯಪುಸ್ತಕಗಳು ಲ್ಯಾಗ್ ಹಂತ ಎನ್ನುವ ಈ ಅವಧಿಯಲ್ಲಿ ಸಂಖ್ಯೆ ಹೆಚ್ಚದಿದ್ದರೂ ಒಳಗೆ ಕೆಲಸ ನಿಂತಿರುವುದಿಲ್ಲ. ಹೊಸ ಆಹಾರಕ್ಕೆ ಬೇಕಾದ ಕಿಣ್ವಗಳು ತಯಾರಾಗುತ್ತಿರುತ್ತವೆ. ಹಿಡಿದ ಒಂದು ತಾಸಿನೊಳಗೆ, ಹೆಚ್ಚೆಂದರೆ ಎರಡು ತಾಸಿನೊಳಗೆ ಸ್ಯಾಂಪಲ್ ನಮ್ಮ ಕೈ ಸೇರಬೇಕು ಎಂಬ ನಿಯಮಕ್ಕೆ ಆಧಾರ ಈ ವಿರಾಮವೇ. ನಿಜವಾಗಿ ಸೋಂಕಿರುವವರ ಮೂತ್ರಕೋಶದಿಂದ ಬಂದವುಗಳಿಗೆ ಇಂಥ ವಿರಾಮ ಬೇಕಾಗುವುದಿಲ್ಲ, ಅವು ಆಗಲೇ 37 ಡಿಗ್ರಿಯಲ್ಲಿ ಬೆಳೆಯುತ್ತಿದ್ದಂಥವು. ಆದರೆ ಹೆಚ್ಚಿನವರಲ್ಲಿ ಅವುಗಳ ಸಂಖ್ಯೆ ಹಿಡಿಯುವಾಗಲೇ ಲಕ್ಷ ದಾಟಿರುವುದರಿಂದ, ತಡವಾದರೂ ಅವರ ರಿಪೋರ್ಟು ಬಹಳ ಬದಲಾಗುವುದಿಲ್ಲ. ಹಾಗಾಗಿ ತಡದ ಪೆಟ್ಟು ಹೆಚ್ಚಾಗಿ ಬೀಳುವುದು ಸೋಂಕಿಲ್ಲದವರ ಮೇಲೆ: ಬೇಡದ ಆ್ಯಂಟಿಬಯೋಟಿಕ್, ಬೇಡದ ಖರ್ಚು, ಅದರ ಮೇಲೆ ಹೊಟ್ಟೆ ಕೆಡುವುದು. ಸೋಂಕಿದ್ದರೆ ಮೂತ್ರದಲ್ಲಿ ಕಾಣುವ ಕೀವು ಕಣಗಳನ್ನು ನೋಡಿ ಸುಳ್ಳು ರಿಪೋರ್ಟನ್ನು ಗುರುತಿಸಬಹುದಲ್ಲ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ನಿಂತ ಮೂತ್ರದಲ್ಲಿ ಕೀವು ಕಣಗಳೂ ಒಡೆದು ಹೋಗುತ್ತವೆ; ತಡವು ಒಂದು ಸಂಖ್ಯೆಯನ್ನು ಏರಿಸಿ, ಅದನ್ನು ಪರೀಕ್ಷಿಸಬೇಕಾದ ಇನ್ನೊಂದನ್ನು ಇಳಿಸಿಬಿಡುತ್ತದೆ.

ಆ ಇಂಡಿಯ ಅವ್ವನಿಗೆ ಇದನ್ನೆಲ್ಲ ಹೇಳಲು ನಾನು ಲಕ್ಷ, ಸಾವಿರದ ಗೋಜಿಗೆ ಹೋಗಲಿಲ್ಲ. "ಯವ್ವಾ, ಹಾಲಿಗೆ ಹೆಪ್ಪು ಹಾಕಿ ಬ್ಯಾಸಿಗ್ಯಾಗ ಎಷ್ಟೊತ್ತು ಇಡ್ತೀರಿ?" ಎಂದೆ. "ಮೂರ್ ನಾಕ್ ತಾಸಿಗೆ ಗಟ್ಟಿ ಆಗ್ತದ, ಥಂಡ್ಯಾಗಾದ್ರ ರಾತ್ರಿ ಪೂರ್ತಿ ಬೇಕು" ಎಂದವರು, ಬಾಟಲಿಯ ಕಡೆ ನೋಡಿ, "ಹಂಗಾರ ಇದರಾಗೂ ಹೆಪ್ಪು ಬಿದ್ದದ ಅಂದಂಗಾತು" ಎಂದು ನಕ್ಕರು. ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರೂ ಇಷ್ಟು ಬೇಗ ಹಿಡಿಯುವುದಿಲ್ಲ.

ನಮ್ಮ ಹವೆಯ ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕೋಣೆಯ ಉಷ್ಣತೆ ಎಂದು ಪುಸ್ತಕದಲ್ಲಿ ಇದ್ದರೆ ಅದು 20ರಿಂದ 25 ಡಿಗ್ರಿಯ ತಂಪು ದೇಶದ ಕೋಣೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ, ಮುದ್ದೇಬಿಹಾಳದಿಂದ ಬೈಕಿನ ಡಿಕ್ಕಿಯಲ್ಲಿ ಬರುವ ಡಬ್ಬಿ, ನಾವು ಬ್ಯಾಕ್ಟೀರಿಯಾ ಬೆಳೆಸುವ ಬಿಸಿ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನಲ್ಲಿ ಕುಳಿತು ಬಂದಂತೆಯೇ ಸರಿ. ಇದಕ್ಕೆ ಮದ್ದು ಥರ್ಮಾಕೋಲ್ ಪೆಟ್ಟಿಗೆ ಮತ್ತು ಐಸ್ ಪ್ಯಾಕ್. 4 ಡಿಗ್ರಿಯ ಆಸುಪಾಸಿನಲ್ಲಿ ಇ. ಕೋಲೈ ಬೆಳೆಯುವುದಿಲ್ಲ, ಆದ್ದರಿಂದ ಅಲ್ಲಿಟ್ಟ ಮೂತ್ರವನ್ನು 24 ಗಂಟೆಯವರೆಗೆ ನಂಬಬಹುದು. ಆದರೆ ಥಂಡಿ ಅದನ್ನು ಕೊಲ್ಲುವುದಿಲ್ಲ, ತಡೆದು ಹಿಡಿಯುತ್ತದೆ ಅಷ್ಟೇ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಿಸಿಲಲ್ಲಿ ಮೂರು ತಾಸು ತಂದರೆ ಲೆಕ್ಕ ಮತ್ತೆ ಶುರುವಾಗುತ್ತದೆ. ಬೋರಿಕ್ ಆಮ್ಲದ ಪುಡಿ ಹಾಕಿದ ಡಬ್ಬಿಗಳೂ ಸಿಗುತ್ತವೆ. ಅವುಗಳಲ್ಲಿ ಗೆರೆಯವರೆಗೆ ಮೂತ್ರ ತುಂಬಲೇಬೇಕು, ಕಡಿಮೆ ಹಾಕಿದರೆ ಆಮ್ಲದ ಪ್ರಮಾಣ ಹೆಚ್ಚಾಗಿ ಬ್ಯಾಕ್ಟೀರಿಯಾಗಳೇ ಸಾಯಬಹುದು.

"ಹಾಲು, ಮೊಸರು ಇಡೋ ಫ್ರಿಜ್ಜಿನಾಗ ಅದನ್ನ ಹೆಂಗ ಇಡೋದ್ರಿ?" ಎಂಬ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕಿಂತ ಸುಲಭದ ದಾರಿ, ಪ್ರಯೋಗಾಲಯಕ್ಕೇ ಬಂದು ಕೊಡುವುದು. ಬೆಳಗಿನ ಮೊದಲನೆಯದೇ ಆಗಬೇಕೆಂದಿಲ್ಲ. ಮೂರು ನಾಲ್ಕು ತಾಸು ತಡೆದ ಮೂತ್ರವಾದರೆ, ಸ್ವಚ್ಛವಾಗಿ ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು ನಡುಧಾರೆಯನ್ನು ಹಿಡಿದರೆ, ಬಹುಪಾಲು ಸಂದರ್ಭಗಳಲ್ಲಿ ಅದು ಸಾಕು.

ಬರುವ ಮೊದಲು ಆ್ಯಂಟಿಬಯೋಟಿಕ್ ನುಂಗಿ ಬರಬೇಡಿ ಎಂಬುದು ಇದರ ಇನ್ನೊಂದು ಮಗ್ಗುಲು. "ಒಂದ ಗುಳಿಗಿ ತಗೊಂಡೀನ್ರಿ" ಎಂದು ಹೇಳುವವರು ಅದು ಮೂತ್ರದಲ್ಲಿಯೇ ಸೇರಿ ಹೊರಬರುತ್ತದೆ ಎಂಬುದನ್ನು ಮರೆಯುತ್ತಾರೆ. ಹಲವು ಔಷಧಿಗಳು ರಕ್ತಕ್ಕಿಂತ ಮೂತ್ರದಲ್ಲಿ ಹೆಚ್ಚು ಸಾಂದ್ರವಾಗಿರುತ್ತವೆ. ಆಗ ಪ್ಲೇಟಿನ ಮೇಲೆ ಏನೂ ಬೆಳೆಯದೆ, ಸೋಂಕಿದ್ದವರಿಗೂ ಸೋಂಕಿಲ್ಲ ಎಂಬ ರಿಪೋರ್ಟು ಹೋಗುತ್ತದೆ.

ಇನ್ನು ರಿಪೋರ್ಟ್ ಇವತ್ತೇ ಬೇಕು ಎನ್ನುವವರ ವಿಷಯ. ಕಣ್ಣಿಗೆ ಕಾಣುವ ಒಂದು ಕಾಲನಿಯಲ್ಲಿ ಕೋಟಿಯ ಲೆಕ್ಕದಲ್ಲಿ ಜೀವಕೋಶಗಳು ಇರಬೇಕು, ಅದಕ್ಕೆ 18ರಿಂದ 24 ಗಂಟೆ ಬೇಕು. ಯಾವ ಔಷಧಿ ನಾಟುತ್ತದೆ ಎಂದು ನೋಡಲು ಸಾಮಾನ್ಯವಾಗಿ ಇನ್ನೊಂದು ರಾತ್ರಿ. ಈ ಕಾಲನಿಗಳನ್ನು 37 ಡಿಗ್ರಿಯಲ್ಲಿಯೂ ಕರಗದ ಗಟ್ಟಿ ನೆಲದ ಮೇಲೆ ಬೆಳೆಸಲು ಸಾಧ್ಯವಾದದ್ದು, ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ 1881ರಲ್ಲಿ ಅಡುಗೆಮನೆಯ ಅಗರ್ (ಕಡಲಕಳೆಯ ಅಂಟು) ಬಳಸಲು ಸೂಚಿಸಿದ್ದರಿಂದ. ಅದಕ್ಕೆ ಮೊದಲು ಬಳಸುತ್ತಿದ್ದ ಜೆಲಾಟಿನ್ ಸುಮಾರು 30 ಡಿಗ್ರಿಯ ಒಳಗೇ ಕರಗುತ್ತದೆ, ನಮ್ಮ ಊರಿನ ಬೇಸಿಗೆಯಲ್ಲಿ ಅದು ಕಪಾಟಿನಲ್ಲಿಯೇ ನೀರಾಗುತ್ತಿತ್ತು. ಒಂದೆರಡು ದಿನಕ್ಕೆ ಬೇಸರಪಡುವವರು ಕ್ಷಯದ ಕಲ್ಚರನ್ನು ನೆನೆಯಬೇಕು: ಆ ಬ್ಯಾಕ್ಟೀರಿಯಾ ಇಮ್ಮಡಿಯಾಗಲು 15ರಿಂದ 20 ಗಂಟೆ ತೆಗೆದುಕೊಳ್ಳುತ್ತದೆ, ಗಟ್ಟಿ ಮಾಧ್ಯಮದಲ್ಲಿ ಏನೂ ಬೆಳೆಯಲಿಲ್ಲ ಎಂದು ಹೇಳಲು ನಾವು ಎಂಟು ವಾರ ಕಾಯುತ್ತೇವೆ.

ಕೊನೆಯದಾಗಿ ಸಂಗ್ರಹ ಕೇಂದ್ರದವರಿಗೆ ಒಂದು ಮಾತು, ಏಕೆಂದರೆ ತಂಪಿನ ವಿಷಯ ಹೇಳಿದ ಮೇಲೆ ಎಲ್ಲವನ್ನೂ ಒಂದೇ ಐಸ್ ಪೆಟ್ಟಿಗೆಗೆ ತುಂಬಿ ಕಳಿಸುವುದನ್ನು ನೋಡಿದ್ದೇನೆ. ಈ ನಿಯಮ ಮೂತ್ರಕ್ಕೆ ಸಲ್ಲುತ್ತದೆ. ಬ್ಲಡ್ ಕಲ್ಚರ್ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಇಡಬಾರದು. ಬೆನ್ನುಹುರಿಯ ನೀರನ್ನೂ ಕಲ್ಚರಿಗೆ ಕಳಿಸುವಾಗ ತಣ್ಣಗೆ ಮಾಡಬಾರದು, ಮೆದುಳು ಪೊರೆಯ ಉರಿಯೂತ ತರುವ ನೈಸೀರಿಯಾ, ಹಿಮೋಫಿಲಸ್‌ನಂಥವು ಥಂಡಿಗೆ ಸತ್ತುಹೋಗಬಹುದು. ಅವನ್ನು ಬೇರೆ ಚೀಲದಲ್ಲಿ, ತಡಮಾಡದೆ, ಹಿಡಿದ ವೇಳೆಯನ್ನು ಬರೆದು ಕಳಿಸಿ.