ನಿಂತ ಮಿರರ್‌ಗಿಂತ ಹಳಸಿದ ಮಿರರ್ ಕಷ್ಟ

ಭಾನುವಾರ ರಾತ್ರಿ ಡಿಸ್ಕ್ ತುಂಬಿತ್ತು. ನನಗೆ ಗೊತ್ತಾಗಿದ್ದು ಸೋಮವಾರ ಬೆಳಿಗ್ಗೆ, ಲ್ಯಾಬ್ ಅಸಿಸ್ಟೆಂಟ್ ಫೋನ್ ಮಾಡಿದಾಗ. "ಸರ್, ಯಾವ ಸಿಸ್ಟಮ್ಮಲ್ಲೂ ಏನೂ ಇನ್‌ಸ್ಟಾಲ್ ಆಗ್ತಿಲ್ಲ. ಎಲ್ಲಾ ಕಡೆ 404 ಬರ್ತಿದೆ."

404 ಅಂದರೆ ಕೇಳಿದ ಫೈಲು ಇಲ್ಲಿಲ್ಲ ಅನ್ನುವ ಉತ್ತರ. ಆಗ ನಾನು ಒಂದು ಕಾಲೇಜಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಮಿರರ್ ನೋಡಿಕೊಳ್ಳುತ್ತಿದ್ದೆ. ಹೋಗಿ ನೋಡಿದರೆ ಸರ್ವರ್ ಆರಾಮಾಗಿ ನಡೀತಿತ್ತು. ಪಿಂಗ್‌ಗೆ ಉತ್ತರ ಕೊಡುತ್ತಿತ್ತು, ಪುಟವೂ ತೆರೆಯುತ್ತಿತ್ತು. ತಪ್ಪಿದ್ದದ್ದು ನಾನೇ ಬರೆದ ನಾಲ್ಕು ಸಾಲಿನ ಸ್ಕ್ರಿಪ್ಟಿನಲ್ಲಿ.

ಮಿರರ್ ಅಂದರೆ ನಕಲು, ಅಷ್ಟೇ. ಡೆಬಿಯನ್ 1993ರಲ್ಲಿ ಶುರುವಾದ, ಸ್ವಯಂಸೇವಕರೇ ನಡೆಸುವ ಯೋಜನೆ. ಅದರ ಪ್ಯಾಕೇಜುಗಳ, ಅಂದರೆ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟುಗಳ, ಮೂಲ ಭಂಡಾರ ಒಂದು ಕಡೆ ಇರುತ್ತದೆ. ಪ್ರಪಂಚದ ಯೂನಿವರ್ಸಿಟಿಗಳು, ಇಂಟರ್ನೆಟ್ ಕಂಪನಿಗಳು, ಆಸಕ್ತಿ ಇರುವವರು ಅದರ ನಕಲು ಇಟ್ಟುಕೊಂಡು ಅಕ್ಕಪಕ್ಕದವರಿಗೆ ಹಂಚುತ್ತಾರೆ. ಪೂರ್ತಿ ಭಂಡಾರಕ್ಕೆ ಹಲವು ಟೆರಾಬೈಟ್ ಜಾಗ ಬೇಕು. ಅದು ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ಕೇಳೋಕೆ ಸುಲಭ: ಫೈಲು ನಕಲಿಸುವ ಒಂದು ಆರ್‌ಸಿಂಕ್ ಕಮಾಂಡು, ಅದನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಒಂದು ಕ್ರಾನ್ ಸಾಲು. ನಾನೂ ಹಾಗೇ ಅಂದುಕೊಂಡಿದ್ದೆ.

ಭಂಡಾರದಲ್ಲಿ ಮುಖ್ಯವಾಗಿ ಎರಡು ಫೋಲ್ಡರ್. 'ಪೂಲ್' ಒಳಗೆ ಪ್ಯಾಕೇಜುಗಳು. 'ಡಿಸ್ಟ್ಸ್' ಒಳಗೆ ಪಟ್ಟಿ: ಯಾವ ಪ್ಯಾಕೇಜು ಎಲ್ಲಿದೆ, ಎಷ್ಟು ದೊಡ್ಡದು, ಅದರ ಚೆಕ್‌ಸಮ್ (ಫೈಲು ಬದಲಾಗಿಲ್ಲ ಎಂದು ತಾಳೆ ನೋಡುವ ಸಂಖ್ಯೆ) ಏನು. ನಿಮ್ಮ ಕಂಪ್ಯೂಟರ್ ಮೊದಲು ಪಟ್ಟಿ ತರಿಸಿಕೊಳ್ಳುತ್ತದೆ, ಆಮೇಲೆ ಅದರಂತೆ ಪ್ಯಾಕೇಜು ಕೇಳುತ್ತದೆ. ಆರ್‌ಸಿಂಕ್‌ಗೆ ಇದೇನೂ ಗೊತ್ತಿಲ್ಲ. ಅದು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಹೋಗುತ್ತದೆ. 'ಡಿ' ಮೊದಲು, 'ಪಿ' ಆಮೇಲೆ. ಹಾಗಾಗಿ ಆ ರಾತ್ರಿ ಹೊಸ ಪಟ್ಟಿ ಬಂದು ಕೂತಿತು. ಪ್ಯಾಕೇಜು ತರುವ ಹೊತ್ತಿಗೆ ಡಿಸ್ಕ್ ಫುಲ್. ಪಟ್ಟಿಯಲ್ಲಿ ಹೆಸರಿದೆ, ಫೈಲಿಲ್ಲ: ಅದೇ 404.

ದರ್ಶಿನಿ ನಡೆಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಿಸಿಬೇಳೆ ಬಾತ್ ಒಲೆಯಿಂದ ಇಳಿದ ಮೇಲೇ ಬೋರ್ಡ್ ಮೇಲೆ ಬರೆಯಬೇಕು. ಮುಗಿದಾಗ ಮೊದಲು ಬೋರ್ಡಿನಿಂದ ಅಳಿಸಬೇಕು, ಪಾತ್ರೆ ಆಮೇಲೆ ತೊಳೆಯಬಹುದು. ಮಿರರ್‌ಗೂ ಇದೇ ಕ್ರಮ. ಮೊದಲ ಸುತ್ತಿನಲ್ಲಿ ಹೊಸ ಪ್ಯಾಕೇಜುಗಳನ್ನು ಮಾತ್ರ ತರಬೇಕು, ಏನನ್ನೂ ಅಳಿಸಬಾರದು. ಎರಡನೇ ಸುತ್ತಿನಲ್ಲಿ ಪಟ್ಟಿ ತಂದು, ಕೊನೆಗೆ ಹಳೆಯದನ್ನು ತೆಗೆಯಬೇಕು. ಮೊದಲ ಸುತ್ತು ಸೋತರೆ ಎರಡನೆಯದಕ್ಕೆ ಹೋಗಲೇಬಾರದು. ಡೆಬಿಯನ್‌ನವರು ಇದಕ್ಕೆಂದೇ 'ಎಫ್‌ಟಿಪಿಸಿಂಕ್' ಎಂಬ ಸ್ಕ್ರಿಪ್ಟ್ ಕೊಡುತ್ತಾರೆ. ಇರೋದನ್ನು ಬಿಟ್ಟು ಸ್ವಂತದ್ದು ಬರೆಯುವ ಚಟ ನಮ್ಮ ಕಸುಬಿನವರಿಗೆ ಸ್ವಲ್ಪ ಜಾಸ್ತಿ. ನಾನೂ ಅದಕ್ಕೆ ಹೊರತಲ್ಲ.

ಆದರೂ ಆ 404 ಒಂದು ರೀತಿಯಲ್ಲಿ ಒಳ್ಳೆಯದೇ. ಎದ್ದು ಕಾಣುತ್ತದೆ, ಫೋನ್ ಬರುತ್ತದೆ, ಸರಿ ಮಾಡುತ್ತೇವೆ. ನನಗೆ ಭಯ ಇರುವುದು ಸುಮ್ನೆ ನಿಂತುಹೋದ ಸಿಂಕ್ (ನಕಲಿಸುವ ಕೆಲಸ) ಬಗ್ಗೆ. ಕ್ರಾನ್ ಕೆಟ್ಟಿತು ಅಥವಾ ನಾವು ನಕಲು ತರುವ ಸರ್ವರಿನ ವಿಳಾಸ ಬದಲಾಯಿತು ಅಂತಿಟ್ಟುಕೊಳ್ಳಿ. ಮಿರರ್ ಹೋದ ತಿಂಗಳ ಪಟ್ಟಿಯನ್ನೇ ಹಂಚುತ್ತಾ ಕೂರುತ್ತದೆ. ಪಟ್ಟಿಗೂ ಪ್ಯಾಕೇಜಿಗೂ ತಾಳೆಯಾಗುತ್ತದೆ. ಡಿಜಿಟಲ್ ಸಹಿಯೂ ಅಸಲಿ, ಯಾಕೆಂದರೆ ಹೋದ ತಿಂಗಳು ಡೆಬಿಯನ್‌ನವರೇ ಹಾಕಿದ್ದು. ನೀವು ಅಪ್‌ಡೇಟ್ ಒತ್ತಿದರೆ "ಎಲ್ಲವೂ ಹೊಸದಾಗಿದೆ" ಅನ್ನುವ ಉತ್ತರ. ತಿದ್ದುಪಡಿ ಬಂದು ಮೂರು ವಾರವಾಗಿದ್ದರೂ ನಿಮಗೆ ಸುಳಿವೇ ಇಲ್ಲ.

2008ರಲ್ಲಿ ಅಮೆರಿಕದ ಅರಿಜೋನಾ ಯೂನಿವರ್ಸಿಟಿಯ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಸರ್ವರ್ ಬಾಡಿಗೆಗೆ ಪಡೆದು, ಇಲ್ಲದ ಕಂಪನಿಯ ಹೆಸರಿನಲ್ಲಿ ಮಿರರ್‌ಗೆ ಅರ್ಜಿ ಹಾಕಿದರು. ಡೆಬಿಯನ್, ಉಬುಂಟು, ಫೆಡೋರಾ, ಓಪನ್‌ಸೂಸೆ, ಸೆಂಟ್‌ಓಎಸ್ ಐದೂ ಲಿನಕ್ಸ್ ಯೋಜನೆಗಳು ತಮ್ಮ ಮಿರರ್‌ಗಳ ಪಟ್ಟಿಗೆ ಸೇರಿಸಿಕೊಂಡವು. ಸಾವಿರಾರು ಕಂಪ್ಯೂಟರ್‌ಗಳು ಬಂದು ಬಾಗಿಲು ತಟ್ಟಿದವು, ಅವುಗಳಲ್ಲಿ ಸರ್ಕಾರದ ಮತ್ತು ಮಿಲಿಟರಿಯ ಯಂತ್ರಗಳೂ ಇದ್ದವು. ಸಹಿ ಇದ್ದರೆ ಮಿರರಿನವರು ಪ್ಯಾಕೇಜನ್ನು ತಿದ್ದಲಾರರು, ನಿಜ. ಆದರೆ ಬೇಕೆಂದೇ ಹಳೆಯದನ್ನು ಕೊಡಬಹುದಲ್ವಾ?

ಇದಕ್ಕೆ ಮದ್ದು, ಪಟ್ಟಿಯ ಮೇಲೆ 'ಇಂಥ ದಿನದವರೆಗೆ ಮಾತ್ರ' ಎಂದು ಬರೆದುಬಿಡುವುದು. ಹಾಲಿನ ಪ್ಯಾಕೆಟ್ ಮೇಲೆ ದಿನಾಂಕ ಇರುತ್ತಲ್ಲ, ಹಾಗೆ. ಡೆಬಿಯನ್ ತನ್ನ ಟೆಸ್ಟಿಂಗ್ (ಇನ್ನೂ ತಯಾರಾಗುತ್ತಿರುವ) ಆವೃತ್ತಿಗೂ ಸೆಕ್ಯುರಿಟಿ ಅಪ್‌ಡೇಟ್‌ಗಳಿಗೂ ಹೀಗೆ ಮಾಡುತ್ತದೆ. ಸ್ಟೇಬಲ್ (ಬಿಡುಗಡೆಯಾದ) ಆವೃತ್ತಿಯ ಮುಖ್ಯ ಪಟ್ಟಿ ತಿಂಗಳುಗಟ್ಟಲೆ ಬದಲಾಗದೇ ಇರಬಹುದು, ಅದಕ್ಕೆ ಆ ದಿನಾಂಕವಿಲ್ಲ. ಸೆಕ್ಯುರಿಟಿ ಅಪ್‌ಡೇಟನ್ನು ಪಕ್ಕದ ಮಿರರಿನಿಂದ ತರಿಸಬೇಡಿ, ಡೆಬಿಯನ್‌ನ ಸ್ವಂತ ವಿಳಾಸದಿಂದಲೇ ತರಿಸಿ ಎಂದು ನಾನು ಹೇಳುವುದು ಇದಕ್ಕೇ.

ಮಿರರ್ ತಾಜಾ ಇದೆಯಾ ಎಂದು ನೋಡುವುದು ಕಷ್ಟವಲ್ಲ. 'ಪ್ರಾಜೆಕ್ಟ್' ಒಳಗಿನ 'ಟ್ರೇಸ್' ಫೋಲ್ಡರ್ ತೆರೆಯಿರಿ. ಸಿಂಕ್ ಮುಗಿದ ಪ್ರತಿ ಸಲವೂ ಮಿರರ್ ತನ್ನ ಹೆಸರಿನ ಫೈಲಿನಲ್ಲಿ ಹೊತ್ತು ಬರೆದಿಡುತ್ತದೆ. ಮೂಲ ಸರ್ವರಿನ ಹೆಸರಿನ ಫೈಲೂ ಅಲ್ಲೇ ಇರುತ್ತದೆ. ನೋಡಬೇಕಾದ್ದು ಈ ಎರಡನೆಯದನ್ನು. ಯಾಕೆಂದರೆ ನಿಮ್ಮ ಸಿಂಕ್ ಚೆನ್ನಾಗಿ ನಡೆಯುತ್ತಿದ್ದು, ನೀವು ಯಾರಿಂದ ತರುತ್ತಿದ್ದೀರೋ ಅವರೇ ನಿಂತುಹೋಗಿರಬಹುದು. ನನಗೆ ಒಮ್ಮೆ ಹಾಗೇ ಆಯಿತು. ಒಂಬತ್ತು ದಿನ ಹಳೆಯ ಸರಕನ್ನು ಹೊತ್ತಿಗೆ ಸರಿಯಾಗಿ ತಂದು ಜೋಡಿಸಿದ್ದೆ!

ಐಎಸ್‌ಓ ಫೈಲುಗಳ, ಅಂದರೆ ಇಡೀ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡುವ ಡಿಸ್ಕ್ ಪ್ರತಿಗಳ, ಕಥೆ ಬೇರೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸ್‌ನ ವೆಬ್‌ಸೈಟಿಗೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬೇರೆ ಸರ್ವರಿನ ಕಡೆ ತಿರುಗಿಸಿದ್ದರು. ಅಲ್ಲಿದ್ದ ಐಎಸ್‌ಓದಲ್ಲಿ ಹಿಂಬಾಗಿಲು ಸೇರಿಸಲಾಗಿತ್ತು. ಮಿರರ್‌ಗಳ ತಪ್ಪೇನೂ ಇರಲಿಲ್ಲ. ಕೊಂಡಿ ಇರುವ ಪುಟದಲ್ಲೇ ಚೆಕ್‌ಸಮ್ಮೂ ಇದ್ದರೆ, ಒಳಗೆ ನುಗ್ಗಿದವರು ಅದನ್ನೂ ಬದಲಿಸಬಹುದು. ಅದಕ್ಕೇ ಚೆಕ್‌ಸಮ್ ಫೈಲಿನ ಮೇಲಿನ ಸಹಿಯನ್ನೂ ಪರೀಕ್ಷಿಸಬೇಕು. ಎಷ್ಟು ಜನ ಮಾಡುತ್ತಾರೆ ಅಂತ ಮಾತ್ರ ಕೇಳಬೇಡಿ.

ಈಗ ಹೆಚ್ಚಿನವರಿಗೆ ಮಿರರ್ ಆರಿಸುವ ತಲೆನೋವೇ ಇಲ್ಲ. ಡೆಬ್.ಡೆಬಿಯನ್.ಆರ್ಗ್ ಎಂದು ಕೊಟ್ಟರೆ ಸಿಡಿಎನ್ (ಹಲವು ಊರುಗಳಲ್ಲಿ ಹರಡಿರುವ ಸರ್ವರ್‌ಗಳ ಜಾಲ) ಹತ್ತಿರದ ಜಾಗದಿಂದ ಹಂಚುತ್ತದೆ. ಒಂದೇ ಕಟ್ಟಡದಲ್ಲಿ ನೂರಾರು ಯಂತ್ರಗಳಿದ್ದರೆ ಸ್ಥಳೀಯ ಮಿರರ್ ಇನ್ನೂ ಲಾಭವೇ. ಎರಡು ಯಂತ್ರಕ್ಕಾಗಿ ಟೆರಾಬೈಟುಗಟ್ಟಲೆ ನಕಲಿಸುವುದಕ್ಕಿಂತ ಒಮ್ಮೆ ತಂದದ್ದನ್ನು ಇಟ್ಟುಕೊಂಡು ಮತ್ತೆ ಕೊಡುವ ಒಂದು ಕ್ಯಾಶ್ ಪ್ರಾಕ್ಸಿ ಸಾಕು.

ನಮ್ಮ ಮಿರರನ್ನೂ ಕೊನೆಗೆ ಮುಚ್ಚಿದೆವು. ಮೊದಲು ಡೆಬಿಯನ್‌ಗೆ ತಿಳಿಸಿ ಮಿರರ್‌ಗಳ ಪಟ್ಟಿಯಿಂದ ಹೆಸರು ತೆಗೆಸಿದೆ. ಆಮೇಲೆ ಹಳೆಯ ವಿಳಾಸಕ್ಕೆ ಬಂದವರನ್ನೆಲ್ಲ ಸಿಡಿಎನ್ ಕಡೆ ಕಳಿಸುವಂತೆ ಮಾಡಿದೆ. ಆರು ತಿಂಗಳಾದ ಮೇಲೆ ಲಾಗ್ ತೆರೆದರೆ, ಆಗಲೇ ಬೆಂಬಲ ಮುಗಿದಿದ್ದ ಆವೃತ್ತಿಯ ಪಟ್ಟಿಯನ್ನು ಒಂದು ಯಂತ್ರ ದಿನಾ ರಾತ್ರಿ ತಪ್ಪದೆ ಕೇಳುತ್ತಿತ್ತು. ವಿಳಾಸ ಹಿಡಿದು ಹುಡುಕಿಕೊಂಡು ಹೋದೆ. ನಮ್ಮದೇ ಲೈಬ್ರರಿಯ ಕೌಂಟರಿನ ಕೆಳಗಿತ್ತು.