ಐವತ್ತು ಮಿಲಿಮೀಟರಿಗೆ ಪಟ್ಟ ಕಟ್ಟಿದವರು ಯಾರು?

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಸಲಹೆ: 50 ಮಿ.ಮೀ. ಲೆನ್ಸ್ ಹಾಕಿಕೊಳ್ಳಿ, ಮನುಷ್ಯನ ಕಣ್ಣಿಗೆ ಕಾಣುವುದೇ ಅದಕ್ಕೂ ಕಾಣುತ್ತದೆ. ಸಲಹೆಯ ಮೊದಲರ್ಧ ಒಳ್ಳೆಯದೇ. ಎರಡನೆಯದಕ್ಕೆ ತಲೆಬುಡವಿಲ್ಲ. ಕಣ್ಣು ನೆಟ್ಟು ನೋಡುವ ಜಾಗ ಬಹಳ ಕಿರಿದು, ಅಂಚಿನಲ್ಲಿ ಸುಳಿಯುವುದು ಬಹಳ ಅಗಲ; ಎರಡನ್ನೂ ಒಂದೇ ಅಂಕಿಗೆ ಕಟ್ಟಿಹಾಕಲಾಗದು.

ಈ ಅಂಕಿ ಹುಟ್ಟಿದ್ದು ಜರ್ಮನಿಯ ವೆಟ್ಜ್ಲಾರ್‌ನಲ್ಲಿ, ಸೂಕ್ಷ್ಮದರ್ಶಕಕ್ಕೆ ಹೆಸರಾಗಿದ್ದ ಲೈಟ್ಸ್ ಕಾರ್ಖಾನೆಯಲ್ಲಿ. ಅಲ್ಲಿನ ಆಸ್ಕರ್ ಬಾರ್ನಾಕ್ 1914ರ ಹೊತ್ತಿಗೆ ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಕ್ಯಾಮೆರಾ ಕಟ್ಟಿದ. ಸಿನಿಮಾದ ಎರಡು ಚೌಕಟ್ಟು ಸೇರಿಸಿದರೆ 24×36 ಮಿ.ಮೀ.; ಅದರ ಕರ್ಣ 43.3. ಚೌಕಟ್ಟಿನ ಕರ್ಣದಷ್ಟು ಫೋಕಲ್ ಲೆಂತ್ (ಲೆನ್ಸಿಗೆ ಹೇಳುವ ಮಿ.ಮೀ. ಅಂಕಿ; ಹೆಚ್ಚಿದಷ್ಟೂ ನೋಟ ಕಿರಿದು) ಇದ್ದರೆ ನೋಟ ಸಹಜವಾಗಿರುತ್ತದೆ ಎಂಬುದು ಛಾಯಾಗ್ರಹಣದ ಹಳೆಯ ಲೆಕ್ಕ. ಬಾರ್ನಾಕ್‌ನ ಮೊದಲ ಮಾದರಿಯಲ್ಲಿದ್ದದ್ದೂ 42 ಮಿ.ಮೀ. ಲೆನ್ಸೇ. ಆದರೆ ಅದೇ ಕಾರ್ಖಾನೆಯ ಮ್ಯಾಕ್ಸ್ ಬೆರೆಕ್ ಈ ಕ್ಯಾಮೆರಾಕ್ಕೆಂದೇ ಹೊಸ ಲೆನ್ಸ್ ರೂಪಿಸಿದಾಗ ಅದು 50 ಮಿ.ಮೀ., ಎಫ್/3.5 (ಇದು ಬೆಳಕಿನ ಅಳತೆ; ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಆಯಿತು. ನೋಟದ ಕೋನ ಕಿರಿದಾದಷ್ಟೂ ಚಿತ್ರದ ಮೂಲೆಗಳು ಮಸುಕಾಗದಂತೆ ಕಾಯುವುದು ಸುಲಭ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಈ ಕ್ಯಾಮೆರಾ ಲೈಕಾ ಎಂಬ ಹೆಸರಿನಲ್ಲಿ ಜನರ ಮುಂದೆ ಬಂದದ್ದು ಇದೇ ಅಳತೆಯೊಂದಿಗೆ. 1932ರಲ್ಲಿ ಎದುರಾಳಿ ಝೈಸ್ ತನ್ನ ಕಾಂಟಾಕ್ಸ್‌ಗೆ ಲುಡ್ವಿಗ್ ಬರ್ಟೆಲೆಯ ಸೊನ್ನಾರ್ ಲೆನ್ಸ್ ಕೊಟ್ಟಾಗಲೂ ಅಂಕಿ 50 ಆಗಿಯೇ ಉಳಿಯಿತು.

ಕನ್ನಡಿ ಬಂದಮೇಲೆ ಲೆಕ್ಕ ತಪ್ಪಿತು. ಎಸ್‌ಎಲ್‌ಆರ್ ಎಂಬ, ಲೆನ್ಸಿನ ಮೂಲಕವೇ ದೃಶ್ಯ ನೋಡುವ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಓರೆಯಾಗಿ ನಿಂತ ಕನ್ನಡಿ, ಬಟನ್ ಒತ್ತಿದೊಡನೆ ಮೇಲಕ್ಕೆ ಹಾರಬೇಕು. ಲೆನ್ಸನ್ನು ತಿರುಪಿನಂತೆ ತಿರುಗಿಸಿ ಕೂರಿಸುವ ಹಳೆಯ ಲೈಕಾಗಳಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿಗೆ 28.8 ಮಿ.ಮೀ. ಅಂತರ, 1959ರ ನಿಕಾನ್ ಎಫ್‌ನಲ್ಲಿ 46.5. ಸೊನ್ನಾರ್‌ನ ಹಿಂಬದಿಯ ಗಾಜು ಫಿಲ್ಮಿನ ಹತ್ತಿರಕ್ಕೆ ಇಳಿಯುತ್ತಿದ್ದರಿಂದ ಇಲ್ಲಿ ಅದಕ್ಕೆ ಜಾಗವೇ ಇಲ್ಲ. ಬೇರೆ ವಿನ್ಯಾಸಗಳನ್ನೂ ಕನ್ನಡಿಗೆ ತಗಲದಂತೆ ಕೂರಿಸಲು ಫೋಕಲ್ ಲೆಂತ್ ತುಸು ಹಿಗ್ಗಿಸಬೇಕಾಯಿತು. ಹಾಗಾಗಿಯೇ ಝೈಸ್‌ನ ಬಯೋಟಾರ್ 58, ಅದರ ಸೋವಿಯತ್ ತಮ್ಮ ಹೆಲಿಯೊಸ್ 44 ಕೂಡ 58, ನಿಕಾನ್ ಎಫ್‌ನ ಮೊದಲ ಎಫ್/1.4 ಲೆನ್ಸೂ 58. ಪೆಂಟಾಕ್ಸ್‌ನ ಟಕುಮಾರ್ 55. ಈ ಲೆನ್ಸುಗಳ ಜೊತೆ ಎರಡೂ ಕಣ್ಣು ತೆರೆದು ವ್ಯೂಫೈಂಡರ್ ನೋಡಿದರೆ ಒಳಗಿನ ವಸ್ತುವೂ ಹೊರಗಿನದೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ಕಣ್ಣಿನ ಕಥೆಗೆ ಇದೂ ಒಂದಿಷ್ಟು ನೀರೆರೆದಿದೆ ಎಂಬುದು ನನ್ನ ಅಂದಾಜು. 1962ರಲ್ಲಿ ನಿಕಾನ್ ತನ್ನ ಎಫ್/1.4 ಅನ್ನು 50ಕ್ಕೆ ಇಳಿಸಿತು. ಉಳಿದವರೂ ಒಬ್ಬೊಬ್ಬರಾಗಿ ಆ ದಾರಿಗೇ ಬಂದರು.

ಆಮೇಲಿನ ಪೈಪೋಟಿ ಬೆಳಕಿನದು. ಎಫ್/1.8 ಅಥವಾ 2 ಕ್ಯಾಮೆರಾದ ಜೊತೆಗೇ ಬರುತ್ತಿತ್ತು. ಜೇಬು ಭಾರವಿದ್ದವರಿಗೆ 1.4, ಜಂಬಕ್ಕೆ 1.2. ಎಫ್/1.8ಕ್ಕೂ 1.4ಕ್ಕೂ ಇರುವ ಅಂತರ, ಬೆಳಕು ಇಮ್ಮಡಿಯಾಗುವ ಒಂದು ಸ್ಟಾಪ್‌ಗಿಂತ ಕಡಿಮೆ. ಫಿಲ್ಮಿನ ವೇಗ (ಬೆಳಕನ್ನು ಹಿಡಿಯುವ ಚುರುಕು) ತೀರಾ ಕಡಿಮೆಯಿದ್ದ ಕಾಲದಲ್ಲಿ ಅಷ್ಟೂ ಬೇಕಿತ್ತು. 400ರ ವೇಗದ ರೀಲು ಹಾಕುವವರಿಗೆ ಅದು ಅಪರೂಪಕ್ಕಷ್ಟೇ ನೆನಪಾಗುತ್ತದೆ. ನನ್ನ ಮತ ಎಫ್/1.8ಕ್ಕೆ: ಆರು ಗಾಜಿನ ಆ ಸರಳ ವಿನ್ಯಾಸವನ್ನು ದಶಕಗಟ್ಟಲೆ ತಿದ್ದಿ ತೀಡಿದ್ದಾರೆ, ಲಕ್ಷಗಟ್ಟಲೆ ತಯಾರಿಸಿದ್ದಾರೆ, ತೂಕವೂ ಕಡಿಮೆ, ಬೆಲೆಯೂ ಕಡಿಮೆ. 50 ಇಕ್ಕಟ್ಟೆನಿಸುವವರು 40ರ ಕಡೆ ನೋಡಬಹುದು. ಕ್ಯಾನನೆಟ್‌ನ ಕೆಲವು ಮಾದರಿಗಳಂಥ ಪುಟ್ಟ ಕ್ಯಾಮೆರಾಗಳು 40ರಲ್ಲೇ ಬಾಳಿದವು. 1997ರಲ್ಲಿ ಪೆಂಟಾಕ್ಸ್ ಕರ್ಣದ ಲೆಕ್ಕಕ್ಕೆ ಸರಿಯಾಗಿ 43 ಮಿ.ಮೀ. ಲೆನ್ಸನ್ನೇ ಮಾಡಿತು. ಅಷ್ಟರಲ್ಲಿ ಕ್ಯಾಮೆರಾದ ಜೊತೆ ಜೂಮ್ ಕೊಡುವ ರೂಢಿ ಬಂದು, 50 ಬೇಕಾದವರು ಬೇರೆಯಾಗಿ ಕೊಳ್ಳುವ ಲೆನ್ಸಾಗಿತ್ತು.

ಈಗ ಸಿಗುವುದೆಲ್ಲ ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಮಾಲು. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು ಟಾರ್ಚ್ ಹಿಡಿದು ಹಿಂದಿನಿಂದ ನೋಡಬೇಕು: ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ನಮ್ಮ ಕರಾವಳಿಯ ಮಳೆಗಾಲ ಕಳೆದ ಲೆನ್ಸಾದರೆ ಇನ್ನೂ ಹುಷಾರು. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿನುಗುತ್ತಿದ್ದರೆ ಅವು ಅಂಟಿಕೊಂಡು ತಡವಾಗಿ ಮುಚ್ಚುತ್ತವೆ. ಏಳು ಗಾಜಿನ ಸೂಪರ್ ಟಕುಮಾರ್ 50/1.4 ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಅದು ಗಾಜಿನಲ್ಲಿ ಬೆರೆಸಿದ ಥೋರಿಯಂ ಕೆಲಸ, ಕೆಲವು ವಾರ ಬಿಸಿಲಿನಲ್ಲಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ.